ಐದನೆಯ ಕಲ್ಲು

ಆ ಮನೆಯಲ್ಲಿ ಒಂದು ಚಿಟಿಕೆ ಉಪ್ಪು ಕೈ ಬದಲಾಯಿಸಬೇಕಾದರೆ ಮೂರು ಜನ ಬೇಕಾಗುತ್ತಿತ್ತು. ಕೇಳುವುದಕ್ಕೆ ಒಬ್ಬರು, ಕೊಡುವುದಕ್ಕೆ ಇನ್ನೊಬ್ಬರು, ನಡುವೆ ಮಾತು ದಾಟಿಸುವುದಕ್ಕೆ ಸೊಸೆ.

"ಕೆಳಗಿನವರಿಗೆ ಹೇಳಮ್ಮ, ಉಪ್ಪು ಈ ಕಡೆ ಬರಲಿ ಅಂತ," ಎನ್ನುವರು ಮಹಡಿ ಅತ್ತೆ.

"ಅತ್ತೆ, ಉಪ್ಪು ಬೇಕಂತೆ," ಎನ್ನುವಳು ಸೊಸೆ.

"ಮೇಲಿನವಳಿಗೆ ಹೇಳು, ಬಿಪಿ ಇರೋರು ಎರಡೆರಡು ಸಲ ಉಪ್ಪು ಹಾಕ್ಕೋಬಾರದು ಅಂತ," ಎನ್ನುವರು ಅತ್ತೆ. ಹಾಗೆನ್ನುತ್ತಲೇ ಬಟ್ಟಲನ್ನು ಸೊಸೆಯ ಕೈಗೆ ಕೊಡುವರು.

ಕೇಳುವವರಿಗೂ ಕೊಡುವವರಿಗೂ ನಡುವೆ ಇದ್ದದ್ದು ಒಂದು ಮೊಳ ಜಾಗ. ಇಬ್ಬರ ಕಿವಿಯೂ ಚುರುಕು. ಆದರೂ ಮೂವತ್ತೊಂದು ವರ್ಷದಿಂದ ಒಬ್ಬರು ಇನ್ನೊಬ್ಬರಿಗೆ ನೇರವಾಗಿ ತುಟಿ ಬಿಚ್ಚಿದವರಲ್ಲ. ಸೊಸೆ ಈ ಮನೆಗೆ ಬಂದು ಇಪ್ಪತ್ತೈದು ವರ್ಷವಾಗಿತ್ತು. ಬಂದ ಮೊದಲ ದಿನದ ಊಟದಲ್ಲೇ ಈ ಕೆಲಸ ಅವಳ ತಲೆಗೆ ಬಿದ್ದಿತ್ತು. ಇನ್ನೂ ತಮಾಷೆಯೆಂದರೆ, ಮಹಡಿ ಅತ್ತೆ ದುಡಿದದ್ದು ಟೆಲಿಫೋನ್ ಆಫೀಸಿನಲ್ಲಿ. ಊರವರ ಮಾತನ್ನೆಲ್ಲ ಈ ತಂತಿಯಿಂದ ಆ ತಂತಿಗೆ ಸಿಕ್ಕಿಸಿ ಸಿಕ್ಕಿಸಿ ನಿವೃತ್ತಿಯಾದ ಹೆಂಗಸು, ಸ್ವಂತ ಅಣ್ಣನ ಹೆಂಡತಿಯ ಜೊತೆ ಮಾತ್ರ ಲೈನ್ ಕತ್ತರಿಸಿಕೊಂಡು ಕೂತಿದ್ದರು.

ಮನೆಯೇನೂ ದೊಡ್ಡದಲ್ಲ. ಮುಂದಿನ ಕೋಣೆ ಸೊಸೆಯ ಇಸ್ತ್ರಿ ಅಂಗಡಿ. ಹಿಂದೆ ಅಡುಗೆಮನೆ, ಅದರ ಬದಿಗೆ ಎರಡು ಕೋಣೆ. ಕೆಳಗೆ ಅತ್ತೆ, ಅವರ ಮಗ, ಸೊಸೆ, ಮೊಮ್ಮಗಳು. ಮೇಲಿನ ಒಂದೇ ಕೋಣೆಯಲ್ಲಿ ಅತ್ತೆಯ ನಾದಿನಿ. ಮಹಡಿಯಲ್ಲಿರುವುದರಿಂದ ಮನೆಯವರಿಗೆಲ್ಲ ಮಹಡಿ ಅತ್ತೆ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಅರವತ್ತನಾಲ್ಕು ಮುಟ್ಟಿದವರು. ಅತ್ತೆಗೆ ಎಪ್ಪತ್ತನಾಲ್ಕು. ಗುಂಡಿ ಕಾರ್ಖಾನೆಯಲ್ಲಿ ಅರ್ಧ ಆಯಸ್ಸು ಅಂಗಿಗುಂಡಿ ಆರಿಸಿ ಆರಿಸಿ ಬೆರಳುಗಳ ಗಿಣ್ಣು ದಪ್ಪಗಾಗಿದ್ದವು. ಮಗ ಬಸ್ ಡ್ರೈವರ್. ಮೊಮ್ಮಗಳು ಹತ್ತಿರದ ಶಾಲೆಯಲ್ಲಿ ಆಟದ ಟೀಚರ್. ಕೊರಳಲ್ಲಿ ಸದಾ ಒಂದು ಸೀಟಿ. ಊಟಕ್ಕೆ ಕರೆಯುವುದಕ್ಕೂ ಸೀಟಿ ಊದುತ್ತಾಳೆಂದು ಅಪ್ಪ ಅವಳನ್ನು ಟೀಚರಮ್ಮ ಎಂದೇ ಕಾಡಿಸುತ್ತಿದ್ದ.

ಜಗಳದ ಬಗ್ಗೆ ಸೊಸೆಗೆ ಗೊತ್ತಿದ್ದದ್ದು ಸ್ವಲ್ಪ. ಒಂದು ಕಾಲದಲ್ಲಿ ಈ ಬೀದಿಯ ಹೆಂಗಸರೆಲ್ಲ ಕಲ್ಲಾಟ ಆಡುತ್ತಿದ್ದರಂತೆ. ಐದು ಸಣ್ಣ ಕಲ್ಲು; ಒಂದನ್ನು ಮೇಲಕ್ಕೆಸೆದು, ಅದು ಬೀಳುವುದರೊಳಗೆ ನೆಲದ ಕಲ್ಲನ್ನು ಹೆಕ್ಕಿ, ಬೀಳುವುದನ್ನೂ ಹಿಡಿಯುವ ಆಟ. ಕಾರ್ಖಾನೆಯವರು ಒಮ್ಮೆ ಪಂದ್ಯ ಇಟ್ಟರು. ಅತ್ತೆ, ನಾದಿನಿ ಒಂದು ಜೋಡಿ. ಗೆದ್ದರು. ಗೆದ್ದ ಗೋಡೆ ಗಡಿಯಾರ ಇಸ್ತ್ರಿ ಅಂಗಡಿಯ ಗೋಡೆಯ ಮೇಲೆ ಇವತ್ತಿಗೂ ಟಿಕ್‌ಟಿಕ್ ಅನ್ನುತ್ತಿದೆ. ಆದರೆ ಗೆದ್ದ ಹೊತ್ತಿನಲ್ಲೇ ನಾದಿನಿ ಎಲ್ಲರೆದುರು, "ಅತ್ತಿಗೆ, ನಿಮ್ಮ ಬೆರಳು ಪಕ್ಕದ ಕಲ್ಲಿಗೆ ಮುಟ್ಟಿತು," ಎಂದರಂತೆ. ಅತ್ತೆ, "ಇಲ್ಲ," ಎಂದರಂತೆ. ತನ್ನ ಕಡೆಯವಳ ಮೇಲೆ ತಾನೇ ತಪ್ಪು ಹೇಳುವವಳು ಎಂಥವಳಪ್ಪ ಎಂದು ಬೀದಿಯೇ ನಕ್ಕಿತಂತೆ. ಹೊಟ್ಟೆಕಿಚ್ಚಿನವಳು, ಸುಳ್ಳಿ ಎಂದೆಲ್ಲ ಹೆಸರು ಬಂತಂತೆ. ನಾದಿನಿ ಐದು ಕಲ್ಲಿನಲ್ಲಿ ಒಂದನ್ನು ಎತ್ತಿಕೊಂಡು ಮಹಡಿ ಹತ್ತಿದವರು, ಆಮೇಲೆ ಊಟಕ್ಕೆ ಇಳಿದರೇ ಹೊರತು ಮಾತಿಗೆ ಇಳಿಯಲಿಲ್ಲ. ಆ ಗಡಿಯಾರ ನೋಡಿ ಅವರು ಟೈಮ್ ಹೇಳಿದ್ದನ್ನೂ ಸೊಸೆ ಕಂಡಿಲ್ಲ. ಗಡಿಯಾರದ ಕೆಳಗೇ ನಿಂತು, "ಎಷ್ಟಾಯ್ತಮ್ಮ?" ಎಂದು ಕೇಳುವರು.

ಇಷ್ಟು ವರ್ಷ ತಣ್ಣಗಿದ್ದ ಈ ಬೂದಿಯನ್ನು ಕೆದಕಿದವಳು ಟೀಚರಮ್ಮ. ಒಂದು ಸಂಜೆ ಶಾಲೆಯಿಂದ ಬಂದವಳೇ ಬೇಯಿಸಿದ ಆಲೂಗಡ್ಡೆಯ ತಟ್ಟೆ ಬದಿಗೆ ಸರಿಸಿ, ಒಂದು ಫಾರಂ ಹರವಿದಳು.

"ಅಜ್ಜೀ, ಹಳೇ ಆಟಗಳನ್ನೆಲ್ಲ ಉಳಿಸಬೇಕು ಅಂತ ಒಂದು ಸಮಿತಿ ಆಗಿದೆ. ಯಾವ ಆಟಕ್ಕೆ ಬರೆದಿಟ್ಟ ನಿಯಮ ಇದೆಯೋ, ಪೂರ್ತಿ ಆಡಿ ತೋರಿಸೋರು ಇದಾರೋ, ಅದನ್ನ ಶಾಲೆಗಳ ಪಟ್ಟಿಗೆ ಸೇರಿಸ್ತಾರಂತೆ. ಮಕ್ಕಳು ಪಂದ್ಯದಲ್ಲಿ ಆಡಬಹುದು. ಈ ತಿಂಗಳ ಕೊನೇ ವಾರ ನೋಡೋಕೆ ಬರ್ತಾರೆ. ಕಲ್ಲಾಟ ಕೊಡೋಣ ಅಂತಿದೀನಿ."

"ಕೊಡು. ಅದಕ್ಕೇನು ಕಷ್ಟ?" ಎಂದರು ಅತ್ತೆ.

"ಎಷ್ಟು ಮನೆ, ಅಂದ್ರೆ ಎಷ್ಟು ಸುತ್ತು ಅಜ್ಜಿ ಆಟದಲ್ಲಿ?"

"ಎಂಟು ಮನೆ. ಏಳು ಒಬ್ಬಳೇ ಆಡೋದು. ಎಂಟನೇದು ಜೋಡಿಮನೆ." ಅತ್ತೆಯ ಕೈ ತಾನಾಗಿ ಮೇಜಿನ ಮೇಲೆ ಓಡಾಡತೊಡಗಿತು. "ಎದುರುಬದುರು ಕೂರಬೇಕು. ಒಬ್ಬಳು ಎಸೀತಾಳೆ. ಅದು ಗಾಳೀಲಿರುವಾಗ ಇನ್ನೊಬ್ಬಳು ನೆಲದಿಂದ ಒಂದು ಕಲ್ಲು ಹೆಕ್ಕಿ, ಬೀಳೋದನ್ನೂ ಹಿಡೀಬೇಕು. ಆಮೇಲೆ ಅವಳು ಎಸೀತಾಳೆ, ಇವಳು ಹೆಕ್ತಾಳೆ. ನೆಲ ಖಾಲಿ ಆಗೋವರೆಗೆ. ಹೆಕ್ಕುವಾಗ ಪಕ್ಕದ ಕಲ್ಲಿಗೆ ಬೆರಳು ಸೋಕಿದ್ರೆ 'ಮುಟ್ಟಿದೆ' ಅನ್ನಬೇಕು. ಹೆಕ್ಕಿದ್ದನ್ನ ಕೆಳಗಿಡಬೇಕು. ಮುಟ್ಟಿದವಳು ಎಸೀತಾಳೆ, ಜೊತೆಯವಳು ಉಳಿದಷ್ಟೂ ಕಲ್ಲನ್ನ ಒಂದೇ ಬಾಚಿಗೆ ಎತ್ತಬೇಕು. ಆಗಲಿಲ್ವೋ, ಇಬ್ಬರೂ ಸೋತ ಹಾಗೆ."

"ಮುಟ್ಟಿದೆ ಅಂತ ಹೇಳೋರು ಯಾರು? ಇಲ್ಲಿ ಅಂಪೈರ್ ಎಷ್ಟು ಜನ ಅಂತ ಕೇಳಿದಾರೆ."

"ಅಂಪೈರಾ? ಬೆರಳು ನನ್ನದು. ಮುಟ್ಟಿದ್ದು ನನಗಲ್ದೆ ಬೇರೆ ಯಾರಿಗೆ ಗೊತ್ತಾಗುತ್ತೆ? ಮುಟ್ಟಿದವಳೇ ಹೇಳಬೇಕು. ಈ ಆಟ ನಿಂತಿರೋದೇ ಅದರ ಮೇಲೆ."

ಮೆಟ್ಟಿಲ ಮೇಲಿಂದ ಒಂದು ನಗು ಕೇಳಿಸಿತು. ಖುಷಿಯ ನಗುವಲ್ಲ ಅದು. "ಅಮ್ಮಾ ಸೊಸೆ," ಎಂದರು ಮಹಡಿ ಅತ್ತೆ, "ಕೆಳಗಿನವರಿಗೆ ಹೇಳು, ಆ ಮಾತು ಅವರ ಬಾಯಲ್ಲಿ ಅಷ್ಟು ಚೆನ್ನಾಗಿ ಕೇಳಿಸಲ್ಲ ಅಂತ."

ಅತ್ತೆಯ ಮುಖ ಬಾಡಿತು. ಸೊಸೆ ಮಾತು ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ.

ಟೀಚರಮ್ಮ ಬೀದಿಯ ಮುದುಕಿಯರನ್ನೆಲ್ಲ ಎರಡು ವಾರ ಕೇಳಿದಳು. ಏಳನೇ ಮನೆಯವರೆಗೆ ನೆನಪಿದ್ದವರು ಮೂವರಿದ್ದರು. ಜೋಡಿಮನೆ ಪೂರ್ತಿ ಆಡಬಲ್ಲವರು ಯಾರೂ ಇರಲಿಲ್ಲ. ಆಡುತ್ತಿದ್ದ ಉಳಿದ ಜೋಡಿಗಳಲ್ಲಿ ಒಬ್ಬರಿದ್ದರೆ ಇನ್ನೊಬ್ಬರಿಲ್ಲ. ಇಡೀ ಜೋಡಿಯಾಗಿ ಬದುಕಿ ಉಳಿದಿದ್ದವರು ಇವರಿಬ್ಬರೇ, ಅದೂ ಒಂದೇ ಮನೆಯಲ್ಲಿ, ಉಪ್ಪಿಗೂ ಮೂರನೆಯವರನ್ನು ಹುಡುಕಿಕೊಂಡು.

"ಇವರಿಬ್ಬರೂ ಆಡದಿದ್ರೆ ಆಟ ಇವರ ಜೊತೇನೇ ಹೋಗುತ್ತೆ ಅಮ್ಮ," ಎಂದು ಟೀಚರಮ್ಮ ಇಸ್ತ್ರಿ ಮೇಜಿನ ಪಕ್ಕ ನಿಂತು ಅತ್ತೇಬಿಟ್ಟಳು. "ಬರೆದುಕೊಂಡ್ರೆ ಕಾಗದದಲ್ಲಿ ಉಳಿಯುತ್ತೆ. ಕೈ ನೋಡದೆ ಯಾವ ಮಗು ಕಲಿಯುತ್ತೆ?"

ಸೊಸೆಗೆ ಆಟದ ಬಗ್ಗೆ ಅಂಥ ಮಮತೆಯೇನೂ ಇರಲಿಲ್ಲ. ಕಲ್ಲು ಆಡಿಕೊಂಡು ಕೂರುವುದಕ್ಕೆ ಅವಳಿಗೆ ಪುರುಸೊತ್ತು ಎಲ್ಲಿತ್ತು? ಆದರೆ ಮಗಳ ಕಣ್ಣೀರು ನೋಡಿ ಪಿತ್ತ ನೆತ್ತಿಗೇರಿತು. ಅವತ್ತಿನ ಊಟದಲ್ಲಿ ಅವಳು ಮುಷ್ಕರ ಹೂಡಿದಳು.

"ಕೇಳಿ ಇಬ್ಬರೂ. ಇನ್ಮೇಲೆ ನಾನು ಯಾರ ಮಾತನ್ನೂ ಯಾರಿಗೂ ಹೇಳಲ್ಲ. ಇಪ್ಪತ್ತೈದು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದು ಸಾಕು. ಪೋಸ್ಟ್‌ಮ್ಯಾನ್‌ಗಾದ್ರೂ ಭಾನುವಾರ ರಜ ಇರುತ್ತೆ."

ಅವಳು ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು. ಮಹಡಿ ಅತ್ತೆ ಮೂರು ದಿನ ಸಪ್ಪೆ ಊಟ ಮಾಡಿದರು. ಅತ್ತೆ ಮೂರು ದಿನ ಉಪ್ಪಿನ ಬಟ್ಟಲನ್ನು ನಾದಿನಿಯ ಕಡೆಗೆ ಒಂದೊಂದೇ ಬೆರಳಗಲ ಸರಿಸುತ್ತಾ ಹೋದರು, ಕೈಗೆ ಎಟುಕುವ ಮುಂಚೆ ನಿಲ್ಲಿಸಿದರು. ನಾಲ್ಕನೇ ದಿನ ಡ್ರೈವರ್ ತಾಳಲಾರದೆ, "ಅಮ್ಮ, ಮಹಡಿ ಅತ್ತೆಗೆ ಉಪ್ಪು ಬೇಕಂತೆ!" ಎಂದು ಕೂಗಿದ. ಸೊಸೆ ಬಿಟ್ಟ ಕೆಲಸ ಗಂಡನ ಪಾಲಿಗೆ ಹೋಯಿತು.

"ಜನ ತುಂಬಿದ ಬಸ್ ಓಡಿಸೋದು ಇದಕ್ಕಿಂತ ಸುಲಭ ಕಣೇ," ಎಂದ ಅವನು ಪಾತ್ರೆ ತೊಳೆಯುವ ಹೆಂಡತಿಯ ಹತ್ತಿರ ಬಂದು. "ಮಾರಾಯ್ತಿ, ನೀನೇ ವಾಪಸ್ ತಗೋ."

ಸೊಸೆಗೆ ನಗು ಬಂತು, ಸಿಟ್ಟೂ ಬಂತು. ಮುಷ್ಕರ ಮುರಿದುಬಿತ್ತು. ಆದರೆ ಮರುದಿನ ಒಗೆದ ಬಟ್ಟೆ ಹರವಲು ಮಹಡಿಗೆ ಹೋದವಳು, ಯಾರೂ ಹೇಳಿ ಕಳಿಸದ ಒಂದು ಮಾತನ್ನು ತಾನಾಗಿಯೇ ದಾಟಿಸಿದಳು. ಬಕೆಟ್ಟಿನಿಂದ ಸೀರೆ ತೆಗೆದು ಹಿಂಡುತ್ತಾ, ಮುಖ ನೋಡದೆ ಹೇಳಿದಳು.

"ಅತ್ತೆ ಬೆರಳು ಡಾಕ್ಟ್ರಿಗೆ ತೋರಿಸಿದ್ವಿ. ಗಿಣ್ಣು ಸೆಟೆದುಕೊಳ್ತಾ ಇದೆಯಂತೆ. ಇನ್ನೊಂದು ವರ್ಷಕ್ಕೆ ರವಿಕೆ ಗುಂಡಿನೂ ಹಾಕ್ಕೊಳ್ಳೋಕಾಗಲ್ಲ ಅಂದ್ರು. ನಿಮಗೆ ಹೇಳಬೇಡ ಅಂದಿದಾರೆ."

ಮಹಡಿ ಅತ್ತೆ ಸೀರೆಯ ಇನ್ನೊಂದು ತುದಿ ಹಿಡಿದು ನಿಂತಿದ್ದರು. ಅದನ್ನು ಇನ್ನೊಂದು ಸುತ್ತು ತಿರುಚಿದರು. "ನೀನು ಇಲ್ಲಿ ಹಿಂಡಿದ್ದು ಸಾಲದು, ಇನ್ನೂ ನೀರಿದೆ," ಎಂದರು.

ಆ ಮಧ್ಯಾಹ್ನ ಅವರು ಕೆಳಗಿಳಿದು ಬಂದರು. ಸೂಜಿ ಡಬ್ಬಿಯಿಂದ ಒಂದು ಕಲ್ಲು ತೆಗೆದು ಇಸ್ತ್ರಿ ಮೇಜಿನ ಮೇಲಿಟ್ಟರು. ನೆಲ್ಲಿಕಾಯಿಗಿಂತ ಚಿಕ್ಕದು, ಕಪ್ಪು, ಕೈಗಳ ಎಣ್ಣೆ ಕುಡಿದು ನುಣ್ಣಗಾದದ್ದು.

"ಕೆಳಗಿನವರಿಗೆ ಹೇಳು," ಎಂದರು. "ಆಟಕ್ಕೋಸ್ಕರ ಬಂದಿದೀನಿ, ಅವರಿಗೋಸ್ಕರ ಅಲ್ಲ ಅಂತ."

"ಅತ್ತೆ, ಆಟಕ್ಕೋಸ್ಕರ ಬಂದಿದಾರಂತೆ," ಎಂದಳು ಸೊಸೆ. ಉಳಿದದ್ದನ್ನು ನುಂಗಿಕೊಂಡಳು.

ಅತ್ತೆ ಒಳಗಿನಿಂದ ಒಂದು ತಗಡಿನ ಡಬ್ಬಿ ತಂದರು. ಅದರಲ್ಲಿ ನಾಲ್ಕು ಕಲ್ಲು. ಐದನೆಯದನ್ನು ಅವುಗಳ ಜೊತೆ ಇಟ್ಟು, ಐದನ್ನೂ ಬೆರಳಿನಿಂದ ಒಂದೊಂದಾಗಿ ಮುಟ್ಟಿ ಎಣಿಸಿದರು.

ಅಂದಿನಿಂದ ದಿನಾ ಮಧ್ಯಾಹ್ನ ಅಂಗಡಿಯ ಮೂಲೆಯಲ್ಲಿ ಚಾಪೆ ಬೀಳತೊಡಗಿತು. ಅತ್ತೆ ಬಿಸಿನೀರಲ್ಲಿ ಬೆರಳು ಅದ್ದಿ, ಒರೆಸಿಕೊಂಡು ಬಂದು ಕೂರುವರು. ಎದುರಿಗೆ ನಾದಿನಿ. ಮಾತಿಲ್ಲ, ಕತೆಯಿಲ್ಲ. ಅಬ್ಬಾ, ಆದರೆ ಆ ಕೈಗಳು! ಸೊಸೆ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಲ್ಲೇ ನಿಂತುಬಿಟ್ಟಳು. ಗ್ಲಾಸು ಎತ್ತಿದರೆ ನೀರು ತುಳುಕಿಸುವ ಅತ್ತೆಯ ಕೈ, ಕಲ್ಲು ಮೇಲೆ ಹೋದ ಕೂಡಲೇ ಹದಿನೆಂಟರ ಹುಡುಗಿಯ ಕೈ ಆಗುತ್ತಿತ್ತು. ಎಸೆದ ಕಲ್ಲನ್ನು ಇಬ್ಬರೂ ನೋಡುತ್ತಲೇ ಇರಲಿಲ್ಲ. ಒಬ್ಬರು ಎಸೆದದ್ದು ಎಲ್ಲಿ ಬೀಳುವುದೋ ಅಲ್ಲಿ ಇನ್ನೊಬ್ಬರ ಅಂಗೈ ಮೊದಲೇ ಹೋಗಿ ಕೂತಿರುತ್ತಿತ್ತು. ಮಾತು ಬಿಟ್ಟ ಇಬ್ಬರಲ್ಲಿ ಒಬ್ಬರ ಕೈ ಇನ್ನೊಬ್ಬರಿಗೆ ಇಷ್ಟು ಗೊತ್ತೇ? ಇಂಥದ್ದನ್ನು ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡು ಇಷ್ಟು ವರ್ಷ ಕೂತಿದ್ದರಲ್ಲ ಎಂದು ಅವಳಿಗೆ ಎದೆ ತುಂಬಿ ಬಂತು, ಹೊಟ್ಟೆ ಉರಿಯಿತು ಕೂಡ.

ಸುಟ್ಟ ವಾಸನೆ ಬಂದಾಗಲೇ ಅವಳಿಗೆ ಎಚ್ಚರವಾದದ್ದು. ಪಕ್ಕದ ಬೀದಿಯ ಲಾಯರ ಬಿಳಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಪೂರಾ ಅಚ್ಚು.

"ಅಯ್ಯಯ್ಯೋ!"

"ನಿನ್ನ ಕೆಲಸ ನೀನು ನೋಡ್ಕೋಬಾರದೇನೇ?" ಎಂದರು ಅತ್ತೆಯೂ ಮಹಡಿ ಅತ್ತೆಯೂ, ಒಟ್ಟಿಗೇ. ಒಟ್ಟಿಗೆ ಬಂದ ಮಾತಿಗೆ ಇಬ್ಬರಿಗೂ ಮುಜುಗರವಾಗಿ ಒಬ್ಬರು ಕಿಟಕಿ ನೋಡಿದರು, ಇನ್ನೊಬ್ಬರು ಚಾಪೆ ನೋಡಿದರು.

ಲಾಯರಿಗೆ ಹೊಸ ಅಂಗಿ ಕೊಡಿಸಬೇಕಾಯಿತು. ಡ್ರೈವರ್ ಒಂದು ವಾರ ಗೊಣಗಿದ. "ಆಟ ಉಳಿಸೋಕೆ ಹೋಗಿ ಅಂಗಡಿ ಮುಚ್ಚಿಸ್ತೀರಿ ನೀವು," ಎಂದ. ಆದರೆ ಮಧ್ಯಾಹ್ನದ ಬಸ್ ಇಳಿದವನು ನೇರ ಮನೆಗೆ ಬಂದು ಬಾಗಿಲಿಗೆ ಒರಗಿ ನೋಡುತ್ತಾ ನಿಲ್ಲುವ ಅಭ್ಯಾಸ ಅವನಿಗೂ ಹತ್ತಿತು.

ಸಮಿತಿಯವರು ಬಂದ ದಿನ ಇಸ್ತ್ರಿ ಮೇಜು ಗೋಡೆಗೆ ಸರಿದಿತ್ತು. ಬಾಗಿಲಲ್ಲಿ ಬೀದಿಯ ಹೆಂಗಸರು, ಅವರ ಕಾಲ ಸಂದಿಯಲ್ಲಿ ಟೀಚರಮ್ಮನ ಶಾಲೆಯ ಮಕ್ಕಳು. ಸಮಿತಿಯ ಮೇಡಂ ಕನ್ನಡಕದವರು, ಮೆತ್ತನೆ ಮಾತಿನವರು. ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬಾತ.

"ಕಲ್ಲಾಟ ಎಷ್ಟೋ ದೇಶಗಳಲ್ಲಿದೆ ಅಜ್ಜಿ," ಎಂದರು ಮೇಡಂ. "ಕೆಲವರು ಮೂಳೇಲಿ ಆಡ್ತಾರೆ, ಕೆಲವರು ಬೀಜದಲ್ಲಿ. ಆದರೆ ಜೋಡಿಮನೆ ಅನ್ನೋದನ್ನ ನಾನು ಎಲ್ಲೂ ಕೇಳಿಲ್ಲ. ಅದನ್ನ ಪೂರ್ತಿ ನೋಡಬೇಕು. ಒಂದೇ ಅವಕಾಶ ಕೊಡೋಕಾಗೋದು, ಇನ್ನೂ ನಾಲ್ಕು ಕಡೆ ಹೋಗಬೇಕು. ಮತ್ತೆ ಈ ಅಂಪೈರ್ ಕಾಲಂ ಖಾಲಿ ಬಿಟ್ಟಿದೀರಿ. ಅಂಪೈರ್ ಇಲ್ಲದ ಆಟ ಪಂದ್ಯಕ್ಕೆ ಹೇಗೆ ತಗೊಳ್ಳೋದು?"

ಟೀಚರಮ್ಮ ಅಜ್ಜಿಯ ಮುಖ ನೋಡಿದಳು. ಅಜ್ಜಿ ಬಾಯಿ ತೆರೆದವರು ಮುಚ್ಚಿಕೊಂಡರು. ನಾದಿನಿಯ ಎದುರು ಆ ಮಾತನ್ನು ಇನ್ನೊಮ್ಮೆ ಹೇಳುವ ಧೈರ್ಯ ಬರಲಿಲ್ಲವೆಂದು ಸೊಸೆಗೆ ಅನ್ನಿಸಿತು.

ಏಳು ಮನೆಯನ್ನು ಅತ್ತೆ ಲೀಲಾಜಾಲವಾಗಿ ದಾಟಿದರು. ಐದನೇ ಮನೆಯಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದಾಗ ಟೀಚರಮ್ಮ ಸೀಟಿ ಬಾಯಿಗಿಟ್ಟು ಸುಮ್ಮನಾಗಿಸಿದಳು. ಆಮೇಲೆ ಜೋಡಿಮನೆ. ನೆಲದ ಮೇಲೆ ನಾಲ್ಕು ಕಲ್ಲು, ಅತ್ತೆಯ ಕೈಯಲ್ಲಿ ಐದನೆಯದು. ಅತ್ತೆ ಎಸೆದರು. ನಾದಿನಿ ಒಂದು ಹೆಕ್ಕಿ ಹಿಡಿದರು. ನಾದಿನಿ ಎಸೆದರು. ಅತ್ತೆ ಒಂದು ಹೆಕ್ಕಿದರು, ಬೀಳುವುದನ್ನು ಹಿಡಿದರು. ಬಾಗಿಲಲ್ಲಿದ್ದವರು ಉಸಿರು ಬಿಟ್ಟರು. ಎರಡು ಆಯಿತು, ಇನ್ನೆರಡು.

ಅತ್ತೆ ಎಸೆಯಲಿಲ್ಲ. ಕಲ್ಲು ಹಿಡಿದ ಕೈ ಹಾಗೇ ತೊಡೆಯ ಮೇಲಿತ್ತು.

ಸೊಸೆ ಮಹಡಿ ಅತ್ತೆಯ ಕಡೆ ನೋಡಿದಳು. ಅವರು ತಲೆ ಬಗ್ಗಿಸಿ ಚಾಪೆಯ ಅಂಚು ನೋಡುತ್ತಿದ್ದರು. ತುಟಿ ಬಿಗಿಯಾಗಿತ್ತು. ಒಮ್ಮೆ ಬಾಯಿ ಬಿಟ್ಟು ಪಟ್ಟ ಪಾಡು ಸಾಕು ಎನ್ನುವವರ ಹಾಗೆ ಕೂತಿದ್ದರು.

"ಮುಂದುವರಿಸಿ ಅಜ್ಜಿ," ಎಂದರು ಮೇಡಂ.

"ಮುಟ್ಟಿದೆ," ಎಂದರು ಅತ್ತೆ.

"ಇಲ್ಲಜ್ಜಿ, ನಾನು ನೋಡ್ತಾನೇ ಇದ್ದೆ. ಮುಟ್ಟಲಿಲ್ಲ."

"ಕ್ಯಾಮೆರಾದಲ್ಲೂ ಕಾಣ್ತಿಲ್ಲ," ಎಂದ ಕ್ಯಾಮೆರಾದವನು.

"ಅಜ್ಜೀ..." ಟೀಚರಮ್ಮನ ದನಿಯಲ್ಲಿ ಅಳುವಿತ್ತು. ಒಂದೇ ಅವಕಾಶ, ಕೈಗೆ ಬಂದದ್ದು ಬಾಯಿಗೆ ಬರುವ ಹೊತ್ತು.

"ನಿಮ್ಮ ಕಣ್ಣಿಗೆ ಕಾಣಲ್ಲಮ್ಮ. ಬೆರಳಿಗೆ ಗೊತ್ತಾಗುತ್ತೆ. ಇಷ್ಟೇ ಇಷ್ಟು, ಬಟ್ಟೆಯ ನೂಲು ಸೋಕಿದ ಹಾಗೆ." ಅತ್ತೆ ಹೆಕ್ಕಿದ ಕಲ್ಲನ್ನು ಕೆಳಗಿಟ್ಟರು. ಆಮೇಲೆ ಎದುರಿಗೆ ಕೂತವರನ್ನು ನೋಡಿದರು. ಸೊಸೆಯ ಕಡೆಗಲ್ಲ, ಮೇಡಂ ಕಡೆಗಲ್ಲ. "ಪುಟ್ಟಿ," ಎಂದರು.

ಆ ಹೆಸರನ್ನು ಸೊಸೆ ಈ ಮನೆಯಲ್ಲಿ ಕೇಳಿದ್ದೇ ಇಲ್ಲ.

"ಪುಟ್ಟಿ, ಅವತ್ತೂ ಮುಟ್ಟಿತ್ತು ಕಣೇ. ನೀನು ಹೇಳಿದ್ದೇ ನಿಜ. ಅಷ್ಟು ಜನ ನೋಡ್ತಿದ್ರು, ಇಲ್ಲ ಅಂದುಬಿಟ್ಟೆ. ಆಮೇಲೆ ಹೌದು ಅನ್ನೋಕೆ ಬಾಯೇ ಬರಲಿಲ್ಲ. ಎಂಟು ವರ್ಷದ ನಿನಗೆ ಈ ಆಟ ಕಲಿಸಿದೋಳು ನಾನು. ನಿನ್ನನ್ನ ಬೀದಿಯವರ ಬಾಯಿಗೆ ಕೊಟ್ಟೋಳೂ ನಾನೇ."

ಬಾಗಿಲಲ್ಲಿ ಅಂದು ನಕ್ಕಿದ್ದ ಹೆಂಗಸರು ಇಬ್ಬರು ಮೂವರು ಇದ್ದರು. ಈಗ ಯಾರೂ ನಗಲಿಲ್ಲ. ಮಹಡಿ ಅತ್ತೆ ಸೆರಗಿನಿಂದ ಒಂದು ಕಣ್ಣು ಒರೆಸಿಕೊಂಡರು, ಇನ್ನೊಂದನ್ನೂ ಒರೆಸಿಕೊಂಡರು. ಎಂಟು ವರ್ಷದ ಹುಡುಗಿಯ ಹಾಗೆ ಮೂಗು ಸೊರ್ರೆಂದು ಎಳೆದುಕೊಂಡರು. ಆಮೇಲೆ ಚಾಪೆಯ ಮೇಲೆ ಮುಂದಕ್ಕೆ ಜರುಗಿ, ಬಲಗೈ ನೆಲಕ್ಕೆ ತಂದರು.

"ಎಸೀರಿ ಅತ್ತಿಗೆ," ಎಂದರು. "ಎತ್ತರಕ್ಕೆ ಎಸೀರಿ. ಮೂರು ಕಲ್ಲಿದೆ."

ಅತ್ತೆ ಎಸೆದರು. ಸೆಟೆದ ಬೆರಳಿನಿಂದ ಹೊರಟ ಕಲ್ಲು ಗಡಿಯಾರದ ಎತ್ತರಕ್ಕೆ ಹೋಯಿತು. ನಾದಿನಿಯ ಕೈ ನೆಲದ ಮೇಲೆ ಒಂದೇ ಸಲ ಬೀಸಿತು. ಮೂರೂ ಕಲ್ಲು ಮುಷ್ಟಿಯೊಳಗೆ ಹೋದವು, ಅದೇ ಮುಷ್ಟಿ ಮೇಲೆದ್ದು ಅಂಗೈ ಬಿಚ್ಚಿ, ಬೀಳುವ ಐದನೆಯದನ್ನು ಒಳಗೆ ಹಾಕಿಕೊಂಡಿತು.

ಮಕ್ಕಳ ಕೂಗಿಗೆ ಅಂಗಡಿಯಲ್ಲಿ ತೂಗುಹಾಕಿದ ಅಂಗಿಗಳೆಲ್ಲ ಅಲ್ಲಾಡಿದವು. ಟೀಚರಮ್ಮ ಇದ್ದ ಉಸಿರನ್ನೆಲ್ಲ ಸೀಟಿಗೆ ಊದಿದಳು. ಡ್ರೈವರ್ ಯಾವುದೋ ಅಂಗಿ ಸರಿಮಾಡುವ ನೆಪದಲ್ಲಿ ಗೋಡೆ ಕಡೆ ತಿರುಗಿಕೊಂಡ.

ಮೇಡಂ ಫಾರಂ ಎತ್ತಿಕೊಂಡು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಅಂಪೈರ್ ಎಂಬ ಕಾಲಮಿನಲ್ಲಿ ದುಂಡಗೆ ಬರೆದರು: ಮುಟ್ಟಿದವರೇ. "ನಮ್ಮ ಸಮಿತೀಲಿ ಇದಕ್ಕೆ ತಕರಾರು ಬರುತ್ತೆ," ಎಂದರು ಎದ್ದು ನಿಂತು. "ಬರಲಿ. ನಾನು ಜಗಳ ಆಡ್ತೀನಿ. ಬರೋ ವರ್ಷ ಮಕ್ಕಳು ಇದನ್ನ ಹೀಗೇ ಆಡಬೇಕು." ಹೋಗುವ ಮುಂಚೆ ಅತ್ತೆಯ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು.

ಎಲ್ಲರೂ ಹೋದ ಮೇಲೆ ಮಹಡಿ ಅತ್ತೆ ತಲೆಯೆತ್ತಿ ಗೋಡೆ ನೋಡಿದರು. "ಎರಡೂವರೆ ಆಗಿಹೋಯ್ತು. ಊಟಕ್ಕೆ ಏಳಿ," ಎಂದರು.

ಬೇಳೆ, ಬೇಯಿಸಿದ ಮೊಟ್ಟೆ, ನಿನ್ನೆಯ ಬ್ರೆಡ್ಡು. ಎಲ್ಲರಿಗೂ ಹಸಿವು. ಸೊಸೆಗೆ ಅವಸರದಲ್ಲಿ ಬೇಳೆಗೆ ಉಪ್ಪು ಸಾಲದಾಗಿತ್ತು.

"ಉಪ್ಪು ಕೊಡಿ," ಎಂದರು ಮಹಡಿ ಅತ್ತೆ ತುತ್ತು ಬಾಯಲ್ಲಿಟ್ಟುಕೊಂಡು.

ಇಪ್ಪತ್ತೈದು ವರ್ಷದ ಅಭ್ಯಾಸ ಒಂದು ಮಧ್ಯಾಹ್ನಕ್ಕೆ ಹೋಗುತ್ತದೆಯೇ? ಸೊಸೆಯ ಕೈ ತಾನಾಗಿ ಮುಂದೆ ಬಂತು, ಬಾಯೂ ಬಂತು. "ಅತ್ತೆ, ಉಪ್ಪು ಬೇಕಂತೆ," ಎಂದಳು.

ಇಬ್ಬರು ಮುದುಕಿಯರೂ ತುತ್ತು ನಿಲ್ಲಿಸಿ ಅವಳನ್ನು ನೋಡಿದರು. ಉಪ್ಪಿನ ಬಟ್ಟಲು ಆಗಲೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿತ್ತು.

"ಕೇಳಿಸ್ತಮ್ಮ," ಎಂದರು ಅತ್ತೆ. "ನನಗೇನು ಕಿವುಡೇ? ಮಧ್ಯೆ ಬಾಯಿ ಹಾಕದೆ ಊಟ ಮಾಡು ನೀನು."